ಗೆರೆಯ ಮೇಲೊಂದು ಗುಡ್ಡ

"ನಾನು ಮೋಸಗಾತಿಯಂತೆ, ಅಮ್ಮಾ! ಸಂಜೆಯೊಳಗೆ ಗಂಟುಮೂಟೆ ಕಟ್ಬೇಕಂತೆ!"

ವೀಕ್ಷಣಾಲಯದ ಕಿರಿಯ ಸಂಶೋಧಕಿ ಬಾಗಿಲಲ್ಲಿ ನಿಂತಿದ್ದಳು. ನನ್ನ ಸೋದರತ್ತೆ ಅಲ್ಲಿನ ದೂರದರ್ಶಕಕ್ಕೆ ಕ್ಯಾಮೆರಾ ಕಟ್ಟಿದವಳು. ನಿವೃತ್ತಿಯಾದರೂ ಕ್ವಾರ್ಟರ್ಸ್ ಬಿಟ್ಟಿರಲಿಲ್ಲ. ಯಂತ್ರ ಕೆಟ್ಟರೂ ಮನಸ್ಸು ಕೆಟ್ಟರೂ ಎಲ್ಲರೂ ಅವಳ ಬಳಿಗೇ ಓಡಿಬರುತ್ತಿದ್ದರು. ಅವಳ ಕೊಡೆ, ಕನ್ನಡಕ, ಅವಳು ಬಿಡಿಸಿದ ಕೇಸುಗಳ ಟಿಪ್ಪಣಿ ನನ್ನ ಉಸ್ತುವಾರಿಯಲ್ಲಿದ್ದವು.

ಕಪ್ಪು ದ್ರವ್ಯ ಕಣ್ಣಿಗೆ ಬೀಳುವಂಥದ್ದಲ್ಲ. ಅದರ ಕಣಗಳು ಢಿಕ್ಕಿಯಾಗಿ ಅಳಿದರೆ ಒಂದೇ ಶಕ್ತಿಯ ಗಾಮಾ ಕಿರಣಗಳು ಹೊರಡಬಹುದು. ಆಗ, ಶಕ್ತಿ ಹೆಚ್ಚಿದಂತೆ ಇಳಿಯುತ್ತ ಹೋಗುವ ನಕ್ಷೆಯ ಗೆರೆಯ ಮೇಲೆ ಪುಟ್ಟ ಗುಡ್ಡ ಏಳುತ್ತದೆ. ಮಂಕು ಗೆಲಾಕ್ಸಿಯೊಂದನ್ನು ನೋಡುತ್ತಿದ್ದ ಹುಡುಗಿಗೆ ಅಂಥದ್ದೇ ಗುಡ್ಡ ಸಿಕ್ಕಿತ್ತು.

"ಹೋದ ತಿಂಗಳು ಇಲ್ಲದ್ದು ಈಗೆಲ್ಲಿಂದ ಬಂತು, ನೀನೇ ಸೇರಿಸಿದ್ದು ಅಂತಾರೆ ಮುಖ್ಯಸ್ಥರು."

ಅತ್ತೆ ನಕ್ಷೆ ನೋಡಿದಳು. "ಗುಡ್ಡದಿಂದಾಚೆ ಒಂದು ಚುಕ್ಕೀನೂ ಇಲ್ವಲ್ಲೇ! ಪಕ್ಕದ ಖಾಲಿ ಆಕಾಶದ್ದು ನೋಡಿದ್ಯಾ?"

"ಖುಷೀಲಿ ಮರ್ತೇಬಿಟ್ಟೆ."

ಹುಡುಗಿ ಲ್ಯಾಪ್‌ಟಾಪ್ ತೆರೆದಳು. ಖಾಲಿ ಆಕಾಶದಲ್ಲೂ ಅದೇ ಗುಡ್ಡ! ಅವಳ ಮುಖ ಬಾಡಿತು. ಅತ್ತೆಯ ಮುಖ ಅರಳಿತು.

ಹೊರಗೆ, ಗಾಮಾ ಕಿರಣ ಗಾಳಿಗೆ ಬಡಿದಾಗ ಏಳುವ ಮಿಂಚನ್ನು ಹಿಡಿಯುವ ದೂರದರ್ಶಕದ ಕನ್ನಡಿಗಳು ಫಳಫಳ ಹೊಳೆಯುತ್ತಿದ್ದವು. ಕನ್ನಡಿ ಇಂಜಿನಿಯರ್ ಸೊಂಟ ನೀವಿಕೊಳ್ಳುತ್ತ ಕೂತಿದ್ದ.

"ಏನಪ್ಪಾ, ಮದುವೆಮನೆ ಥರ ಬೆಳಗಿದ್ದೀಯ?"

"ಈ ತಿಂಗಳ ಮೊದಲಿಂದ್ಲೂ ತೊಳೆದೂ ತೊಳೆದೂ ಸೊಂಟ ಬಿದ್ಹೋಯ್ತು, ಅಮ್ಮಾ. ಅತಿಥಿಗಳು ಬರ್ತಾರೆ, ಫೋಟೋ ಚೆನ್ನಾಗ್ ಬರ್ಲಿ ಅಂತ ಮುಖ್ಯಸ್ಥರ ಆರ್ಡರು. ಕ್ಯಾಮೆರಾದವರಿಗೆ ನಾನೇ ಹೇಳ್ತೀನಿ ಅಂದಿದ್ರು."

ಅತ್ತೆ ಎಲ್ಲರನ್ನೂ ನಿಯಂತ್ರಣ ಕೊಠಡಿಗೆ ಕರೆಸಿದಳು. ಮುಖ್ಯಸ್ಥರು ತೋಳು ಕಟ್ಟಿಕೊಂಡು ನಿಂತರು.

"ಕಳ್ಳ ಸಿಕ್ಕಿದ್ನಾ?"

"ಸಿಕ್ಕಿದಾನೆ, ಕೂತ್ಕೊಳ್ಳಿ. ಅವಳು ಗೆಲಾಕ್ಸಿಗೆ ಸುಳ್ಳು ಸೇರಿಸಿದ್ರೆ ಖಾಲಿ ಆಕಾಶಕ್ಕೂ ಯಾಕೆ ಸೇರಿಸ್ತಾಳೆ? ಅಂದ್ಮೇಲೆ ತಪ್ಪು ಆಕಾಶದಲ್ಲಿಲ್ಲ, ಯಂತ್ರದಲ್ಲಿದೆ. ಕನ್ನಡಿ ತೊಳೆದ್ರೆ ಬೆಳಕು ಹೆಚ್ಚು ಬರುತ್ತೆ. ಆಗ ಕ್ಯಾಮೆರಾದ ವೋಲ್ಟೇಜ್ ಇಳಿಸ್ಬೇಕು. ಇಳಿಸ್ಲಿಲ್ಲ. ಜೋರು ಮಿಂಚೆಲ್ಲ ಅಳತೆಯ ತುತ್ತತುದಿಗೆ ಹೋಗಿ ಒಂದೇ ಕಡೆ ರಾಶಿ ಬಿತ್ತು. ಅದೇ ಗುಡ್ಡ. ಅದಕ್ಕೇ ಆಚೆ ಏನೂ ಇಲ್ಲ. ತೊಳೆಸಿದ್ದು ಈ ತಿಂಗಳು. ಹೋದ ತಿಂಗಳು ಗುಡ್ಡ ಎಲ್ಲಿಂದ ಬರ್ಬೇಕು? ಇನ್ನು ತೊಳೆಸಿದವರು, ಹೇಳೋದು ಮರೆತವರು..."

ಕ್ಯಾಮೆರಾದವರು ಒಟ್ಟಾಗಿ ಮುಖ್ಯಸ್ಥರ ಕಡೆ ತಿರುಗಿದರು. ಮುಖ್ಯಸ್ಥರ ಕಿವಿ ಕೆಂಪಾಯಿತು.

"ತಪ್ಪಾಯ್ತಮ್ಮಾ," ಎಂದರು ಹುಡುಗಿಗೆ. "ಇಲ್ಲೇ ಇರು. ಆದ್ರೆ ನಿನ್ನ ಕಪ್ಪು ದ್ರವ್ಯ ಹೋಯ್ತಲ್ಲ."

"ಹುಡುಕ್ತೀನಿ ಸಾರ್. ಅಮಾವಾಸ್ಯೆ ವಾರ ಪೂರ್ತಿ ದೂರದರ್ಶಕ ನಂಗೇ ಬೇಕು."

"ಆ ವಾರ ನಂದಲ್ವಾ!"

ಅತ್ತೆ ಗೋಡೆಯ ಮೇಲಿದ್ದ ವೇಳಾಪಟ್ಟಿಯ ಬೋರ್ಡಿನತ್ತ ನೋಡಿದಳು. ಮುಖ್ಯಸ್ಥರು ನಿಟ್ಟುಸಿರು ಬಿಟ್ಟು, ಅದರಲ್ಲಿ ಆ ವಾರದೆದುರು ಇದ್ದ ತಮ್ಮ ಹೆಸರನ್ನು ಅಂಗೈಯಿಂದಲೇ ಒರೆಸಿದರು.