ಒಂದು ಕಾಯಿಯೂ ಕಹಿಯಾಗದ ವರ್ಷ

"ನಾಲಿಗಿ ಇನ್ನೂ ಸ್ವಲ್ಪ ಹೊರಗ ಹಾಕ್ರಿ. ಹಾಂ, ಅಷ್ಟ ಸಾಕು. ಅಲುಗಾಡಬ್ಯಾಡ್ರಿ."

ಡಾ. ಪ್ರಮೋದಿನಿ ಇನಾಮದಾರ ಪೆನ್ನಿನ ಗಾತ್ರದ ಉಪಕರಣವನ್ನು ಸಾವಂತ್ರೆವ್ವನ ನಾಲಿಗೆಯ ಬುಡಕ್ಕೆ ಮುಟ್ಟಿಸಿ ಗುಂಡಿ ಒತ್ತಿದಳು. ತುದಿಯಿಂದ ಮಂಜಿನಂಥ ತುಂತುರು ಹನ್ನೊಂದು ಸೆಕೆಂಡು ಚಿಮ್ಮಿತು. ಬಳಿಕ ಒಂದು ಚಮಚ ಬೇವಿನ ರಸ ಕೊಟ್ಟಳು. ಸಾವಂತ್ರೆವ್ವ ಕಣ್ಣು ಮುಚ್ಚಿ, ಮುಖ ಕಿವುಚಲು ಸಿದ್ಧಳಾಗಿಯೇ ನುಂಗಿದಳು. ಕಿವುಚಲು ಕಾರಣವೇ ಸಿಗಲಿಲ್ಲ.

"ಅಯ್ಯ ಶಿವನ! ನೀರು ಕುಡದಂಗ ಆತಲ್ರಿ ಅಕ್ಕಾರ!"

ಪಕ್ಕದಲ್ಲಿ ಕುಳಿತಿದ್ದ ಅವಳ ಗಂಡ ಫಕೀರಪ್ಪ, ನಿವೃತ್ತ ಬಸ್ ಕಂಡಕ್ಟರು, ತಾನಾಗಿಯೇ ನಾಲಿಗೆ ಚಾಚಿದ. ಹೆಂಡತಿ ಮೊದಲು ಹಾಕಿಸಿಕೊಂಡರೆ ಮಾತ್ರ ತಾನು ಎಂದು ಹಟ ಹಿಡಿದು ಬಂದಿದ್ದ ಆಸಾಮಿ ಅವನು. ಎಂಟು ವರ್ಷದಿಂದ ಸಕ್ಕರೆ ಕಾಯಿಲೆ. ಹಾಗಲಕಾಯಿ ಕಂಡರೆ ಬಸ್ಸಿನಿಂದಲೇ ಇಳಿದು ಹೋಗುವಷ್ಟು ಸಿಟ್ಟು.

ಆ ಉಪಕರಣದ ಹೆಸರು ಕಹಿತೆರೆ. ಮನುಷ್ಯನ ನಾಲಿಗೆಯಲ್ಲಿ ಕಹಿಯನ್ನು ಗುರುತಿಸುವ ಇಪ್ಪತ್ತೈದು ಬಗೆಯ ಗ್ರಾಹಿಗಳಿವೆ. ತುಂತುರಿನ ಕಣಗಳು ಅವುಗಳ ಬಾಯಿ ಮುಚ್ಚಿಬಿಡುತ್ತವೆ. ರುಚಿಕೋಶಗಳು ಹತ್ತು ಹನ್ನೆರಡು ದಿನಕ್ಕೊಮ್ಮೆ ಸತ್ತು ಹೊಸದಾಗಿ ಹುಟ್ಟುವುದರಿಂದ ಬರಿಯ ಲೇಪನ ಉಳಿಯುವುದಿಲ್ಲ. ಅದಕ್ಕೆಂದೇ ಪ್ರಮೋದಿನಿ ಕಣಗಳನ್ನು ಕೆಳಗಿನ ತಾಯಿಕೋಶಗಳವರೆಗೆ ಇಳಿಸುವ ದಾರಿ ಕಂಡುಹಿಡಿದಿದ್ದಳು. ಆಮೇಲೆ ಹುಟ್ಟುವ ಪ್ರತಿಯೊಂದು ಕೋಶವೂ ಕಹಿಗೆ ಕಿವುಡಾಗಿಯೇ ಹುಟ್ಟುತ್ತಿತ್ತು. ಒಮ್ಮೆ ಹಾಕಿಸಿದರೆ ಜೀವಮಾನವಿಡೀ ಸಾಕು ಎಂಬುದೇ ಅದರ ಹೆಗ್ಗಳಿಕೆ. ಸಿಹಿಗೆ ಒಂದೇ ಬಗೆಯ ಗ್ರಾಹಿ ಸಾಕಾಗಿರುವ ನಾಲಿಗೆಗೆ ಕಹಿಗೇಕೆ ಇಪ್ಪತ್ತೈದು ಬೇಕಾದವು ಎಂದು ಕೇಳಬೇಕಾದವರು ಕೇಳಲಿಲ್ಲ.

ಆರೋಗ್ಯವೆಲ್ಲ ಸೊಪ್ಪುಸದೆಯಲ್ಲಿದೆ ಎಂದು ಜನ ನಂಬಿದ್ದ ಕಾಲವದು. ಬೇವು, ನೆಲಬೇವು, ಮೆಂತ್ಯ, ಹಾಗಲ, ನುಗ್ಗೆಸೊಪ್ಪಿನ ಪುಡಿ, ಅಮೃತಬಳ್ಳಿಯ ಗುಳಿಗೆ. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಿದ್ದವರೇ ಹಿತ್ತಲನ್ನೆಲ್ಲ ಅರೆದು ಕುಡಿಯತೊಡಗಿದ್ದರು. ಅಡ್ಡವಿದ್ದದ್ದು ಕಹಿಯೊಂದೇ. ಪ್ರಮೋದಿನಿಯ ಪ್ರಯೋಗಗಳಲ್ಲಿ ಹಾಗಲದ ರಸದಿಂದ ಸಕ್ಕರೆ ಇಳಿದದ್ದು ಕೂದಲೆಳೆಯಷ್ಟು. ಆದರೂ ಇಳಿದಿತ್ತಲ್ಲ ಎಂದು ಹಸಿರು ಆರೋಗ್ಯ ಮಂಡಳಿ ಊರೂರಿಗೆ ಕಹಿತೆರೆ ಹಂಚಿತು. ಮೊದಲ ತುಂತುರನ್ನು ಪ್ರಮೋದಿನಿ ತನ್ನ ನಾಲಿಗೆಗೇ ಹಾಕಿಕೊಂಡಿದ್ದಳು. ಒಂದೂವರೆ ವರ್ಷದಲ್ಲಿ ಧಾರವಾಡದಲ್ಲಿ ಕಹಿ ಬಲ್ಲ ನಾಲಿಗೆ ಹುಡುಕಿದರೂ ಸಿಗದಂತಾಯಿತು.

ಸಾವಂತ್ರೆವ್ವ ಕೆರೆಯ ದಂಡೆಯ ಮೇಲೆ, ಬೆಳಗಿನ ವಾಕಿಂಗಿನವರಿಗೆ ಹಸಿರು ರಸ ಮಾರುವವಳು. ಅವಳ ಸೋರೆಕಾಯಿ ರಸಕ್ಕೆ ಹೆಸರಿತ್ತು. ಅವಳದೊಂದು ಪದ್ಧತಿಯೂ ಇತ್ತು. ಸೋರೆಕಾಯಿ ಹೆಚ್ಚುವ ಮೊದಲು ತೊಟ್ಟಿನ ಕಡೆಯಿಂದ ಉಗುರಗಲದ ಹೋಳು ಕತ್ತರಿಸಿ ನಾಲಿಗೆಯ ಮೇಲಿಟ್ಟುಕೊಳ್ಳುವುದು, ತುಸು ಹೊತ್ತು ಸುಮ್ಮನಿರುವುದು. ಕಹಿಯಾದರೆ ಇಡೀ ಕಾಯಿ ತಿಪ್ಪೆಗೆ, ಎಮ್ಮೆಗೂ ಹಾಕುವಂತಿಲ್ಲ. ಅವಳ ಅವ್ವ ಕಲಿಸಿದ್ದು ಅದು. "ನಾಲಿಗಿ ಕೇಳಿ ಹೆಚ್ಚಬೇಕು," ಎನ್ನುತ್ತಿದ್ದಳಂತೆ ಆ ತಾಯಿ.

ಕಹಿತೆರೆಯ ಬಳಿಕವೂ ಸಾವಂತ್ರೆವ್ವ ಪದ್ಧತಿ ಬಿಡಲಿಲ್ಲ. ಫೆಬ್ರುವರಿಯಲ್ಲಿ ಪ್ರಮೋದಿನಿ ವಿಚಾರಿಸಿಕೊಳ್ಳಲು ಬಂದಾಗ, ಹೋಳನ್ನು ಬಾಯಿಗಿಟ್ಟುಕೊಂಡೇ ನಕ್ಕಳು.

"ನಿಮ್ಮ ಕೈಗುಣ ಬಾಳ ಚಲೋ ಐತ್ರಿ ಅಕ್ಕಾರ. ಈ ವರ್ಷ ಒಂದ ಕಾಯಿನೂ ಕಹಿ ಬಂದಿಲ್ಲ!"

"ಹೌದೇನು? ಭಾಳ ಛಲೋ ಆತು," ಎಂದಳು ಪ್ರಮೋದಿನಿ. ಎಷ್ಟು ಮುದ್ದಾದ ಮಾತು ಎನ್ನಿಸಿ ಅದನ್ನು ಮಂಡಳಿಗೆ ಕಳಿಸುವ ವರದಿಯಲ್ಲೂ ಸೇರಿಸಿದಳು. ಓದಿದವಳು, ದೇಶವಿದೇಶ ಸುತ್ತಿದವಳು. ಕಿವಿಗೆ ಬಿದ್ದದ್ದು ತಲೆಗೆ ಇಳಿಯಲಿಲ್ಲ. ಫಕೀರಪ್ಪ ಪಕ್ಕದ ಕಲ್ಲಿನ ಮೇಲೆ ಕೂತು ದಿನದ ಮೊದಲ ಲೋಟ ಹೀರುತ್ತಿದ್ದ. ಮೊದಲ ಕಾಯಿ ಮನೆಯವರಿಗೆ ಎಂಬುದು ಆ ಅಂಗಡಿಯ ನೇಮ.

ಆ ಬೇಸಿಗೆ ಬಿಸಿಲು ಹೇಳತೀರದು. ನೀರಿಲ್ಲದೆ ಬಾಡಿದ ಬಳ್ಳಿ ತನ್ನನ್ನು ಕಾಪಾಡಿಕೊಳ್ಳಲು ಕಾಯಿಯೊಳಗೆ ಸೋರೆಗಹಿ ಎಂಬ ವಿಷವನ್ನು ತುಂಬುತ್ತದೆ. ಬಳ್ಳಿಗೆ ಬಾಯಿಲ್ಲ. ತಿನ್ನಬೇಡ ಎಂದು ಹೇಳಲು ಅದಕ್ಕಿರುವ ಮಾತು ಕಹಿಯೊಂದೇ.

ಏಪ್ರಿಲಿನ ಒಂದು ಸೋಮವಾರ ಫಕೀರಪ್ಪ ಬರಿಹೊಟ್ಟೆಯಲ್ಲಿ ಎರಡು ಲೋಟ ಕುಡಿದ. ಸೋಮವಾರದ ಉಪವಾಸವೆಂದು ಸಾವಂತ್ರೆವ್ವ ಕುಡಿಯಲಿಲ್ಲ. ಹೋಳನ್ನು ನಾಲಿಗೆಗಿಟ್ಟು ನೋಡಿ ಉಗುಳಿದ್ದಳು ಅಷ್ಟೆ. ಅರ್ಧ ಗಂಟೆಯೊಳಗೆ ಅವನು ಹೊಟ್ಟೆ ಹಿಡಿದು ಬಾಗಿದ. ವಾಂತಿಯಲ್ಲಿ ರಕ್ತ ಬಂತು. ಪ್ರಮೋದಿನಿ ಆಸ್ಪತ್ರೆಗೆ ಓಡಿಬಂದಾಗ ಅಲ್ಲಿಯ ವೈದ್ಯ ಸಾವಂತ್ರೆವ್ವನನ್ನು ಕೇಳುತ್ತಿದ್ದ.

"ಸೋರಿಕಾಯಿ ರಸ ಕೊಟ್ಟೀನಿ ಅಂತೀರಿ. ಕಹಿ ಇತ್ತೇನ್ರಿ?"

"ಇಲ್ರಿ ಸಾಹೇಬ್ರ. ನಾನ ನೋಡೀನಿ. ಒಂಚೂರೂ ಕಹಿ ಇರ್ಲಿಲ್ಲ."

ಪ್ರಮೋದಿನಿ ಬಾಗಿಲಲ್ಲೇ ನಿಂತಳು. ಆಗ ತಿಳಿಯಿತು ಅವಳಿಗೆ, ಫೆಬ್ರುವರಿಯ ಆ ಮುದ್ದಾದ ಮಾತಿನ ಅರ್ಥ. ವೈದ್ಯನನ್ನು ಪಕ್ಕಕ್ಕೆ ಕರೆದು ಹೇಳಿದಳು. ಹೇಳಿಯೂ ಆಗಬೇಕಾದ್ದೇನಿರಲಿಲ್ಲ. ಆ ವಿಷಕ್ಕೆ ಪ್ರತಿಮದ್ದಿಲ್ಲ. ಮೂರನೆಯ ದಿನ ಮಧ್ಯಾಹ್ನ ಫಕೀರಪ್ಪ ತೀರಿಕೊಂಡ.

ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಉಳಿದರ್ಧ ಕಾಯಿಯನ್ನು ಪ್ರಮೋದಿನಿ ಪ್ರಯೋಗಾಲಯಕ್ಕೆ ಒಯ್ದಿದ್ದಳು. ಮೊದಲು ತಾನೇ ಒಂದು ಚೂರು ಕಚ್ಚಿ ನೋಡಿದಳು. ಎಳೆಯ ಸೌತೆಕಾಯಿಯಂತೆ ತಣ್ಣಗಿತ್ತು. ಯಂತ್ರ ಮಾತ್ರ ಸುಳ್ಳು ಹೇಳಲಿಲ್ಲ. ಆ ಕಾಯಿಯಲ್ಲಿ ಸೋರೆಗಹಿ ಮಾಮೂಲಿ ಕಾಯಿಗಿಂತ ನೂರಾರು ಪಟ್ಟು ಹೆಚ್ಚಿತ್ತು.

ಇದನ್ನು ಸಾವಂತ್ರೆವ್ವನಿಗೆ ಹೇಳುವುದು ಹೇಗೆ? "ನಾ ನೋಡೇ ಕೊಟ್ಟೀನಿ" ಎಂಬ ಒಂದೇ ಮಾತಿನ ಮೇಲೆ ಆ ಹೆಂಗಸು ನಿಂತಿದ್ದಳು. ಅದನ್ನು ಕಸಿದುಕೊಂಡರೆ ಗಂಡನನ್ನು ಕೊಂದದ್ದು ತನ್ನ ಕೈಯೇ ಎಂದು ಅವಳು ಸಾಯುವ ತನಕ ಬೇಯಬೇಕು. ಹೇಳದಿದ್ದರೆ ದಿನಕರ್ಮ ಮುಗಿದ ಮೇಲೆ ಅವಳು ಮತ್ತೆ ಅಂಗಡಿ ತೆರೆಯುತ್ತಾಳೆ, ಮತ್ತೆ ಹೋಳು ನಾಲಿಗೆಗಿಡುತ್ತಾಳೆ. ಬಾಯಲ್ಲಿ ಬಿಸಿತುಪ್ಪ, ನುಂಗುವಂತಿಲ್ಲ ಉಗುಳುವಂತಿಲ್ಲ. ಪ್ರಮೋದಿನಿ ಎರಡು ಸಲ ಆ ಮನೆಯ ಓಣಿಯವರೆಗೆ ಹೋಗಿ ಹಿಂದಿರುಗಿದಳು. ಹೇಡಿತನವೇ, ಬೇರೆ ಹೆಸರು ಬೇಡ. ಮಂಡಳಿಗೆ ಪತ್ರ ಬರೆದು ಉತ್ತರಕ್ಕಾಗಿ ಕಾದಳು. ಫಕೀರಪ್ಪ ತೀರಿಕೊಂಡ ಹನ್ನೊಂದನೆಯ ದಿನ ಉತ್ತರ ಬಂತು: "ಕಹಿತೆರೆ ಹಾಕಿಸಿಕೊಂಡ ಫಲಾನುಭವಿಗಳಿಂದ ಕಹಿಯ ಕುರಿತು ಇದುವರೆಗೆ ಒಂದೂ ದೂರು ಬಂದಿರುವುದಿಲ್ಲ."

ಮರುದಿನವೇ ಹೋದಳು. ಸಾವಂತ್ರೆವ್ವ ಅಂಗಳದಲ್ಲಿ ರಸದ ಯಂತ್ರ ತೊಳೆಯುತ್ತಿದ್ದಳು. ಪ್ರಮೋದಿನಿ ನೆಲದ ಮೇಲೆಯೇ ಕೂತು ಎಲ್ಲವನ್ನೂ ಹೇಳಿದಳು. ಸಾವಂತ್ರೆವ್ವನ ಕೈ ನಿಂತಿತು.

"ಹಂಗಾರ... ನಾ ನೋಡಿದ್ದು?"

"ನೀವು ನೋಡಿದ್ರಿ. ನಿಮ್ಮದೇನೂ ತಪ್ಪಿಲ್ಲ. ನಾಲಿಗಿ ಹೇಳ್ಲಿಲ್ಲ. ಅದರ ಬಾಯಿ ಮುಚ್ಚಿದಾಕಿ ನಾನು."

ಸಾವಂತ್ರೆವ್ವ ಯಂತ್ರವನ್ನು ಪಕ್ಕಕ್ಕಿಟ್ಟಳು. ಆಮೇಲೆ ಹತ್ತಿರ ಸರಿದು, ಅಂದು ಮಾಡಿದಂತೆಯೇ ನಾಲಿಗೆ ಹೊರಚಾಚಿದಳು.

"ತಗೀರಿ ಇದನ್ನ."

"ತಗೀಲಿಕ್ಕೆ ಬರೂದಿಲ್ಲ ಸಾವಂತ್ರೆವ್ವ. ನಾನೂ ಹಾಕ್ಕೊಂಡೀನಿ. ನಂದೂ ತಗೀಲಿಕ್ಕೆ ಬರೂದಿಲ್ಲ."

ನಾಲಿಗೆ ಒಳಗೆ ಹೋಯಿತು. "ಅದಕ್ಕ ಹಂಗ," ಎಂದಳು ಸಾವಂತ್ರೆವ್ವ ಮೆಲ್ಲಗೆ. "ನಮ್ಮಪ್ಪ ಸತ್ತಾಗ ತಿಂಗಳಾನಗಟ್ಲೆ ಬಾಯಿ ಕಹಿ ಇತ್ರಿ. ಅನ್ನ ಇಟ್ರೂ ಕಹಿ, ನೀರು ಇಟ್ರೂ ಕಹಿ. ಈಗ ಇವರು ಹೋಗಿ ಹನ್ನೆರಡು ದಿನ ಆತು, ಹೊಟ್ಟ್ಯಾಗ ಬೆಂಕಿ ಬಿದ್ದೈತಿ, ಬಾಯಿ ಮಾತ್ರ ಸಪ್ಪಗೈತಿ. ನಾ ಎಂಥಾ ಹೆಂಗಸು, ಗಂಡ ಸತ್ರ ಬಾಯಿ ಸುದ್ದಾ ಕಹಿ ಆಗವಲ್ದಲ್ಲ ಅಂತ ನನಗ ನಾನ ಹೇಸಿಕೊಂಡಿದ್ದೆ."

ಪ್ರಮೋದಿನಿ ಅತ್ತಳು. ಸಾವಂತ್ರೆವ್ವ ಅಳಲಿಲ್ಲ. ಸೆರಗು ಕೊಡವಿ ಎದ್ದಳು.

"ದಂಡಿ ಮ್ಯಾಲ ಇನ್ನೂ ಹನ್ನೊಂದು ಮಂದಿ ರಸ ಮಾರ್ತಾರ. ಹೇಳಿ ಬರೂಣು, ನಡೀರಿ."

ಇಬ್ಬರೂ ಹೋದರು. ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು, ಅಂಗಡಿಗಳ ಮುಂದೆ ಜನ ಸಾಲುಗಟ್ಟಿದ್ದರು. ಪ್ರಮೋದಿನಿ ವಿವರಿಸಿದಳು, ಬೇಡಿಕೊಂಡಳು, ಕೈ ಮುಗಿದಳು. ಎಲ್ಲರೂ ಮರ್ಯಾದೆಯಿಂದ ಕೇಳಿದರು. ಪಾಪ, ಗಂಡ ಸತ್ತ ಸಂಕಟ ಎಂದು ಸಾವಂತ್ರೆವ್ವನಿಗೆ ನೀರು ಕೊಟ್ಟರು. ಕೊನೆಯ ಅಂಗಡಿಯ ಬಸಲಿಂಗಪ್ಪ ಬುಟ್ಟಿಯಿಂದ ಒಂದು ಸೋರೆಕಾಯಿ ಎತ್ತಿ, ತೊಟ್ಟಿನ ಕಡೆಯಿಂದ ಹೋಳು ಕತ್ತರಿಸಿ ಬಾಯಿಗಿಟ್ಟುಕೊಂಡ.

"ನಾವೇನು ಸುಮ್ಮನ ಕೊಡ್ತೀವೇನ್ರಿ ಡಾಕ್ಟರ? ದಿನಾ ನೋಡೇ ಹೆಚ್ಚೂದು. ಈ ವರ್ಷ ಒಂದೂ ಕಹಿ ಬಂದಿಲ್ಲ. ತಗೋ ಸಾವಂತ್ರೆವ್ವ, ಬೇಕಾರ ನೀನ ನೋಡು."

ಅವಳು ಹೋಳನ್ನು ತೆಗೆದುಕೊಂಡಳು. ಮೂವತ್ತು ವರ್ಷದ ರೂಢಿ; ನಾಲಿಗೆಯ ಮೇಲಿಟ್ಟು, ಕಣ್ಣು ಮುಚ್ಚಿ, ಸುಮ್ಮನೆ ನಿಂತಳು. ಸಾಲಿನಲ್ಲಿದ್ದವರು ಲೋಟ ಹಿಡಿದು ಅವಳ ಮುಖವನ್ನೇ ನೋಡುತ್ತಿದ್ದರು. ಅವಳು ಬಹಳ ಹೊತ್ತು ಕಾದಳು.

"ಹೆಂಗೈತಿ?" ಎಂದ ಬಸಲಿಂಗಪ್ಪ.

ಸಾವಂತ್ರೆವ್ವನ ಮುಚ್ಚಿದ ಕಣ್ಣಿನಿಂದ ನೀರು ಇಳಿಯಿತು. ಸುಳ್ಳು ಹೇಳಿ ಅಭ್ಯಾಸವಿದ್ದವಳಲ್ಲ ಅವಳು.

"ಕಹಿ ಇಲ್ಲಪಾ," ಎಂದಳು.

ಬಸಲಿಂಗಪ್ಪ ತಲೆಯಾಡಿಸಿ ಯಂತ್ರ ಚಾಲೂ ಮಾಡಿದ, ಸಾಲು ಒಂದು ಹೆಜ್ಜೆ ಮುಂದೆ ಸರಿಯಿತು.