ತೋಟಕ್ಕೆ ತೆರೆಯುವ ಗಾಜಿನ ಬಾಗಿಲು

"ಆ ಬಾಗಿಲು ಬೇಡಮ್ಮ. ಬೇರೆ ಯಾವುದಾದ್ರೂ ನೋಡಿ," ಎಂದ ಬಡಗಿ.

ಅವಳು ಬೆಳಗಿನಿಂದ ಮೂರು ಅಂಗಡಿ ಸುತ್ತಿ ಸುಸ್ತಾಗಿದ್ದಳು. ಅಲ್ಯೂಮಿನಿಯಮ್ಮಿನ ಬಾಗಿಲು ಆಸ್ಪತ್ರೆಯದರಂತಿತ್ತು. ಪಕ್ಕಕ್ಕೆ ಸರಿಯುವ ಬಾಗಿಲಿಗೆ ಗೋಡೆ ಸಾಲದು. ಮನೆಯ ಹಿಂದೆ ಹೊಸದಾಗಿ ಎಬ್ಬಿಸಿದ ಕೋಣೆಗೆ, ಒಳಗೆ ಕುಳಿತರೂ ತೋಟವೆಲ್ಲ ಕಾಣುವಂಥದ್ದು ಬೇಕಿತ್ತು. ಹಳೆ ಮರದ ಅಂಗಡಿಯ ಮೂಲೆಯಲ್ಲಿ, ಗೋಣಿತಟ್ಟಿನಡಿ ಅದು ಸಿಕ್ಕಿತು. ತೇಗದ ಚೌಕಟ್ಟು, ಆಳೆತ್ತರದ ದಪ್ಪ ಗಾಜು.

"ಯಾಕೆ, ಗೆದ್ದಲು ಹಿಡಿದಿದೆಯಾ?"

"ಮಾಟ ಹಿಡಿದಿದೆ." ಬಡಗಿಯ ದನಿ ತಗ್ಗಿತು. "ಗಂಡ ಅನ್ನೋನು ಹೆಂಡತೀನ ಹೊರಗೆ ನೂಕಿ ಇದೇ ಬಾಗಿಲು ಹಾಕ್ಕೊಂಡನಂತೆ. ಅವಳು ಮಾಡಿಸಿದ್ದು. ಅಡಿ ನೋಡಿ."

ಅಡಿಯಲ್ಲಿ ತುಕ್ಕು ಹಿಡಿದ ಏಳು ಮೊಳೆ. ಒಂದೊಂದಕ್ಕೂ ಸುತ್ತಿದ ಕೂದಲು. ಎಲ್ಲಿಂದಲೋ ಸುಟ್ಟ ವಾಸನೆ.

"ಹೊರಗೆ ನಿಂತು ಇದನ್ನ ಮುಚ್ಚಿದವರು ಮತ್ತೆ ಒಳಗೆ ಬರಲ್ಲ."

"ಒಳ್ಳೇದೇ ಆಯ್ತು. ಬೇಡದ ನೆಂಟರನ್ನ ಇದರಲ್ಲೇ ಕಳಿಸ್ತೀನಿ," ಎಂದು ಅವಳು ನಕ್ಕಳು.

ರಕ್ತಪರೀಕ್ಷೆಯ ಲ್ಯಾಬಿನಲ್ಲಿ ದುಡಿಯುವ ಹೆಣ್ಣು; ಮಾಟವೆಂದರೆ ಅವಳಿಗೆ ತಮಾಷೆ. ಹೋದ ವರ್ಷ ಮದುವೆಯಾಗಿ ಈ ಮನೆಗೆ ಬಂದಿದ್ದಳು. ಗಂಡನ ಮೊದಲ ಹೆಂಡತಿ ತೀರಿಕೊಂಡಾಗಿನಿಂದ ಮೂಲೆ ಹಿಡಿದಿದ್ದ ಆರು ವರ್ಷದ ಮಗಳಿಗಾಗಿಯೇ ಆ ಬೆಳಕಿನ ಕೋಣೆ.

ಬಾಗಿಲು ಕೂರಿಸಿದ ಮರುದಿನ ಮಧ್ಯಾಹ್ನ ನೆಲ ಒರೆಸುತ್ತ ಅವಳೇ ಹೇಳಿದಳು: "ಇಲ್ಲಿ ಒದ್ದೆಯಿದೆ ಪುಟ್ಟಿ. ಹೊರಗೆ ಆಡ್ಕೊ. ಬಾಗಿಲು ಎಳ್ಕೊ."

ಚಿಲಕ ಬಿದ್ದ ಸದ್ದಾಯಿತು. ಆಮೇಲೆ ಯಾವ ಸದ್ದೂ ಇಲ್ಲ. ಹಕ್ಕಿಯದೂ ಇಲ್ಲ.

ತಲೆಯೆತ್ತಿದಳು. ಮಗು ಗಾಜಿನಾಚೆ ಬಾಯ್ತೆರೆದು ಅಳುತ್ತಿತ್ತು. ದನಿ ಕೇಳಿಸುತ್ತಿರಲಿಲ್ಲ. ಧಾವಿಸಿ ಬಾಗಿಲು ತೆರೆದಳು. ತೋಟ ಖಾಲಿ. ಮುಚ್ಚಿದಳು. ಗಾಜಿಗೆ ಒತ್ತಿದ ಎರಡು ಪುಟ್ಟ ಅಂಗೈ. ತೆರೆದಳು. ಖಾಲಿ. ತೋಟಕ್ಕಿಳಿದು ಪೊದೆಪೊದೆ ತಡಕಿದಳು, ಗಂಟಲು ಹರಿಯುವಂತೆ ಕೂಗಿದಳು. ಗೇಟಿಗೆ ಹಾಕಿದ ಬೀಗ ಹಾಗೆಯೇ ಇತ್ತು.

ಒಳಗೋಡಿ ಬಂದು ಬಾಗಿಲು ಮುಚ್ಚಿ ಬಡಗಿಗೆ ಫೋನ್ ಮಾಡಿದಳು. "ಗಾಜು ಒಡೀಲಾ?"

"ಒಡೀಬೇಡಿ. ಒಡೆದ್ರೆ ಮಗು ಹೋಯ್ತು." ಎಂದ ಅವನು. "ಆಚೆ ಒಬ್ಬರು ಇರಲೇಬೇಕಮ್ಮ. ಇನ್ನೊಬ್ಬರು ಹೋದ್ರೆ ಮಗು ಬರತ್ತೆ."

ಗಾಜಿನಾಚೆ ಮಗುವಿನ ತುಟಿ ನೀಲಿಗಟ್ಟುತ್ತಿತ್ತು. ಅವಳು ಯೋಚಿಸಲಿಲ್ಲ. ಹೊಸಿಲು ದಾಟಿದಳು. ಬಾಗಿಲನ್ನು ತನ್ನ ಹಿಂದೆ ಎಳೆದುಕೊಂಡಳು. ಹಿಮದಂಥ ಪುಟ್ಟ ಮೈಯೊಂದು ಅವಳನ್ನು ಉಜ್ಜಿಕೊಂಡು ಹೋಯಿತು.

ಮಗು ಒಳಗೆ, ಒದ್ದೆ ನೆಲದ ಮೇಲೆ ಬಿದ್ದಿತ್ತು. ಉಸಿರಾಡುತ್ತಿತ್ತು.

ಅವಳ ಕಡೆ ಕತ್ತಲಾಗಲಿಲ್ಲ, ಹಸಿವಾಗಲಿಲ್ಲ, ಗಾಳಿ ಬೀಸಲಿಲ್ಲ. ಗಂಡ ಬಂದ. ಗಾಜಿಗೆ ಹಣೆ ಚಚ್ಚಿಕೊಂಡ. ಫೋನಿನಲ್ಲಿ ಬಡಗಿಯ ಮಾತು ಕೇಳಿ, ಇಕ್ಕಳ ಹಿಡಿದು ಮೊಳೆ ಕೀಳಲು ನೋಡಿದ. ಉಗುರು ಕಿತ್ತು ಬಂತು, ಮೊಳೆ ಬರಲಿಲ್ಲ. ಮೂರನೆಯ ದಿನ ಅವನು ಕುರ್ಚಿಯಲ್ಲೇ ನಿದ್ದೆಹೋದಾಗ ಮಗು ಎದ್ದು ಬಂದು ಚಿಲಕಕ್ಕೆ ಕೈ ಹಾಕಿತು. ಚಿಕ್ಕಮ್ಮನನ್ನು ಕರೆತರಲು ಅದು ಹೊರಟಿತ್ತು.

ಬೇಡ. ಬೇಡ. ಅವಳು ತಲೆಯಾಡಿಸಿದಳು, ಗಾಜು ಗುದ್ದಿದಳು, ಚೀರಿದಳು. ಬಾಗಿಲು ಒಂದು ಗೇಣು ತೆರೆಯಿತು. ಮಗುವಿನ ಕಾಲು ಹೊಸಿಲ ಮೇಲೆ. ಅಷ್ಟರಲ್ಲಿ ಗಂಡ ಎದ್ದು ಅದನ್ನು ಬಾಚಿಕೊಂಡು ಬಾಗಿಲು ಮುಚ್ಚಿದ.

ಈಗ ಚಿಲಕದ ಮೇಲೆ ಅವನದೇ ಕೈ, ಅವಳ ಬದಲು ತಾನು ಬರಲು. ಅವಳು ಮಗುವನ್ನು ತೋರಿಸಿದಳು. ಆಮೇಲೆ ಕೋಣೆ ಕಟ್ಟಿ ಉಳಿದು ಒಳಗೆ ಮೂಲೆಯಲ್ಲಿದ್ದ ಇಟ್ಟಿಗೆಯ ರಾಶಿಯನ್ನು ತೋರಿಸಿದಳು. ಅವನಿಗೆ ಅರ್ಥವಾಯಿತು. ಆಗಲ್ಲ ಎಂದು ತಲೆಯಾಡಿಸಿದ. ಅವಳು ಕೈಮುಗಿದಳು. ಮುಗಿದ ಕೈ ಇಳಿಸಲಿಲ್ಲ.

ಒಳಗೆ ಸಂಜೆಯಾಗುವ ಹೊತ್ತಿಗೆ ಬಾಗಿಲಿಗೆ ಅಡ್ಡಲಾಗಿ ಗೋಡೆ ಎದೆಮಟ್ಟಕ್ಕೆ ಬಂತು. ಕೊನೆಯ ಸಂದಿನಲ್ಲಿ ಅವನ ಒಂದು ಕಣ್ಣು ಉಳಿದಿತ್ತು. ಅದೂ ಮುಚ್ಚಿತು.

ಗಾಜಿನ ಹಿಂದೆ ಕಪ್ಪು ಕವಿದು ಅದು ಕನ್ನಡಿಯಾಯಿತು. ಅದರಲ್ಲಿ ಇಡೀ ತೋಟ ಕಾಣುತ್ತಿತ್ತು. ಅವಳು ಕಾಣುತ್ತಿರಲಿಲ್ಲ.