ಎಂಜಲು ತಟ್ಟೆಯಲ್ಲಿ ಸಿಕ್ಕಿದ್ದೇನು?

ವಿನಾಯಕನ ಕಣ್ಣುಗಳು ಬಲು ಚೆಂದ. ಮಹಾನಂದಾಳಿಗೆ ಇದ್ದ ತೊಂದರೆ ಅದೊಂದೇ. ಅವನನ್ನು ತಿರಸ್ಕರಿಸಲು ಬೇಕಾದ ಉಳಿದ ಕಾರಣಗಳನ್ನೆಲ್ಲ ಅವನೇ ದಿನಾ ಬೆಳಿಗ್ಗೆ ವೆಬ್‌ಸೈಟಿಗೆ ಏರಿಸುತ್ತಿದ್ದ.

‘ದಾಸರಹಳ್ಳಿ ದನಿ’ ಒಂದು ಕಾಲಕ್ಕೆ ಪತ್ರಿಕೆಯೇ ಆಗಿತ್ತು. ನಲ್ಲಿಯಲ್ಲಿ ನೀರು ಎಂದು ಬರುತ್ತದೆ, ಪೀಣ್ಯದಲ್ಲಿ ಎಲ್ಲಿ ಕರೆಂಟು ಹೋಗುತ್ತದೆ, ಯಾವ ಫ್ಯಾಕ್ಟರಿಗೆ ಟರ್ನರ್ ಬೇಕು ಎಂದು ನೆಟ್ಟಗೆ ಹೇಳುತ್ತಿತ್ತು. ಜನ ಓದಿ ಮುಗಿಸಿದ ಮೇಲೆ ಅದರಲ್ಲಿ ಬೋಂಡಾ ಕಟ್ಟಿಕೊಡುತ್ತಿದ್ದರು. ಈಗ ಅದು ಮೊಬೈಲಿನಲ್ಲಿ ಬರುತ್ತದೆ, ಬೋಂಡಾ ಕಟ್ಟುವುದಕ್ಕೂ ಬಾರದು. ಮೆಟ್ರೊ ಸ್ಟೇಷನ್ನಿನ ಲಿಫ್ಟ್ ಕೆಟ್ಟರೆ ‘ಲಿಫ್ಟ್‌ನಲ್ಲಿ ಆ ಭಯಾನಕ ಕ್ಷಣ!’ ನೀರು ಬರದಿದ್ದರೆ ‘ನಲ್ಲಿ ತಿರುಗಿಸಿದ ಗೃಹಿಣಿಗೆ ಕಾದಿತ್ತು ಶಾಕ್!’ ಇಂಥ ಕಸವನ್ನು ಮಾರಿಯೇ ಮಾಲೀಕ ಕೃಷ್ಣಪ್ಪ ಹೊಸ ಕಾರು ಕೊಂಡಿದ್ದ. ತಲೆಬರಹ ಬರೆಯುತ್ತಿದ್ದವನು ವಿನಾಯಕ. ಬಿಸಿಲಲ್ಲಿ ಸುತ್ತಿ ಸುದ್ದಿ ತರುತ್ತಿದ್ದವಳು ಮಹಾನಂದಾ.

“ಇವತ್ತೇನ್ ತಂದ್ರಿ ಮೇಡಂ?” ಅವನು ಕುರ್ಚಿಯನ್ನು ಅವಳ ಟೇಬಲ್ಲಿನ ಕಡೆ ತಿರುಗಿಸಿ ಕೇಳಿದ.

“ಸುದ್ದಿ ತಂದೀನ್ರಿ. ನಿಮ್ಮ ಕೈಯಾಗ ಸಿಕ್ಕು ಏನಾಗ್ತದೋ ದೇವರಿಗೇ ಗೊತ್ತು.”

“ನನ್ ಕೈಗೆ ಸಿಕ್ಕಿದ್ದೆಲ್ಲ ಹಾಳಾಗಲ್ಲ ಕಣ್ರೀ. ಬೇಕಾದ್ರೆ ಒಂದ್ಸಲ ಕೊಟ್ಟು ನೋಡಿ.”

ಅವನು ಅಂಗೈ ಚಾಚಿ ಅವಳನ್ನೇ ನೋಡುತ್ತಿದ್ದ. ತುಟಿಯಲ್ಲಿ ನಗು ಇರಲಿಲ್ಲ, ಕಣ್ಣಿನಲ್ಲಿ ಮಾತ್ರ ಇತ್ತು. ಮಹಾನಂದಾ ಆ ಅಂಗೈ ಮೇಲೆ ತಾನು ಕುಡಿದಿಟ್ಟ ಕಾಫಿ ಲೋಟ ಇಟ್ಟಳು. ಅವನು ಅದನ್ನು ಪ್ರಸಾದದ ಹಾಗೆ ಹಿಡಿದುಕೊಂಡೇ ಇದ್ದ. ಅವಳು ಮುಖ ತಿರುಗಿಸಿ ನಕ್ಕಳು, ನಕ್ಕಿದ್ದಕ್ಕೆ ತನ್ನನ್ನೇ ಬೈದುಕೊಂಡಳು.

ಅಂದು ಅವಳು ತಂದ ಸುದ್ದಿ ಚಿಕ್ಕದು. ಎಂಟನೇ ಮೈಲಿಯಲ್ಲಿ ಚನ್ನಕ್ಕ ಎಂಬಾಕೆಯ ಮೆಸ್ ಇತ್ತು. ಅಲ್ಲಿ ಊಟ ಮಾಡುವ ಯಂಕಪ್ಪ ಎಂಬ ಲೇತ್ ಕೆಲಸಗಾರನ ಮದುವೆಯ ಉಂಗುರ ಅನ್ನ ಕಲಸುವಾಗ ಜಾರಿಹೋಗಿತ್ತು. ಚನ್ನಕ್ಕ ತಟ್ಟೆ ತೊಳೆಯುವಾಗ ಅದು ಸಿಕ್ಕಿತು. ಅವಳು ಸೆರಗಿನಲ್ಲಿ ಗಂಟು ಹಾಕಿಕೊಂಡು ಫ್ಯಾಕ್ಟರಿ ಗೇಟಿಗೇ ಹೋಗಿ ಕೊಟ್ಟು ಬಂದಳು. ‘ಉಂಗುರ ಮರಳಿಸಿದ ಮೆಸ್ ಚನ್ನಕ್ಕ’ ಎಂದು ಮಹಾನಂದಾ ಬರೆದುಕೊಟ್ಟಿದ್ದಳು.

ಮರುದಿನ ಬೆಳಿಗ್ಗೆ ಅದು ಹೀಗೆ ಬಂತು: ‘ಚನ್ನಕ್ಕನ ಮೆಸ್‌: ಎಂಜಲು ತಟ್ಟೆಯಲ್ಲಿ ಸಿಕ್ಕಿದ್ದೇನು? ಬೆಚ್ಚಿಬಿದ್ದ ಕಾರ್ಮಿಕ!’

ಒಳಗೆ ಏನಿದೆ ಎಂದು ಒತ್ತಿ ನೋಡಿದವರು ಕಡಿಮೆ. ಮಹಾ ಬುದ್ಧಿವಂತರಾದ ಓದುಗರಿಗೆ ತಲೆಬರಹವೇ ಧಾರಾಳವಾಯಿತು. ಅವರು ಅದರ ಫೋಟೋ ತೆಗೆದು ವಾಟ್ಸ್ಯಾಪ್ ಗ್ರೂಪುಗಳಿಗೆ ಹಾಕಿದರು. ಮಧ್ಯಾಹ್ನದ ಹೊತ್ತಿಗೆ ತಟ್ಟೆಯಲ್ಲಿ ಹಲ್ಲಿ ಇತ್ತು, ಸಂಜೆಗೆ ಅದು ಇಲಿಯಾಗಿತ್ತು.

ಎರಡು ದಿನ ಬಿಟ್ಟು ಮಹಾನಂದಾ ಊಟಕ್ಕೆ ಹೋದಾಗ ಮೆಸ್ ಖಾಲಿ ಹೊಡೆಯುತ್ತಿತ್ತು. ಸಾರಿನ ಪಾತ್ರೆ ಯಾರೂ ಮುಟ್ಟದೆ ಹಾಗೇ ಇತ್ತು.

“ಒಳ್ಳೇದು ಬರೀತೀನಿ ಅಂದ್ಯಲ್ಲವ್ವ,” ಎಂದಳು ಚನ್ನಕ್ಕ. ಬೈಯಲಿಲ್ಲ. “ಇಲಿ ಬಿದ್ದಿತ್ತಂತೆ, ನನ್ ಸಾರಲ್ಲಿ! ಇಂಗೇ ಆದ್ರೆ ಬಾಗ್ಲು ಆಕ್ಕಂಡು ಓಗದೇಯ.”

ಮಹಾನಂದಾ ಊಟ ಮಾಡದೆ ಆಫೀಸಿಗೆ ನುಗ್ಗಿದಳು. ವಿನಾಯಕ ಏನೋ ತಮಾಷೆ ಮಾಡಲು ಬಾಯಿ ತೆರೆದವನು ಅವಳ ಮುಖ ಕಂಡು ಕುರ್ಚಿ ಹಿಂದಕ್ಕೆ ಸರಿಸಿದ.

“ಉಂಗುರ ಸಿಕ್ತು ಅಂತ ಬರಿಯಾಕ ಕೈ ಸೇದಿ ಹೋಗಿದ್ವೇನ್ರಿ ನಿಮ್ಮವು?”

“ಒಳಗೆ ಎಲ್ಲ ಸರಿಯಾಗೇ ಇದೆಯಲ್ಲ. ಕ್ಲಿಕ್ ಮಾಡಿದ್ರೆ ಗೊತ್ತಾಗುತ್ತೆ.”

“ಮಾಡಂಗಿಲ್ಲ ಅಂತ ನಿಮಗ ಚಲೋ ಗೊತ್ತೈತಿ. ಆಕಿ ಅಂಗಡಿ ಮುಚ್ಚತಾಳ ಈಗ.” ಅವಳು ಬ್ಯಾಗನ್ನು ಟೇಬಲ್ಲಿನ ಮೇಲೆ ಕುಕ್ಕಿದಳು. “ಮತ್ತೊಂದ್ ಕೇಳ್ರಿ. ನಿಮ್ಮನ್ನ ನೋಡಿದ್ರ ನನಗ ಖುಷಿ ಆಗ್ತೈತಿ. ಅದಕ್ಕ ನನ್ನ ಮ್ಯಾಲ ನನಗ ಹೇಸಿಗಿ ಬರಾಕತ್ತೈತಿ.”

ಪ್ರೀತಿ, ಹೇಸಿಗೆ ಎರಡೂ ಒಟ್ಟಿಗೆ ಮುಖಕ್ಕೆ ಬಂದು ಬಿದ್ದಾಗ ಯಾವುದನ್ನು ಮೊದಲು ಒರೆಸಿಕೊಳ್ಳಬೇಕೆಂದು ತಿಳಿಯದೆ ವಿನಾಯಕ ಕೂತಿದ್ದ. ಆಮೇಲೆ ಕಂಪ್ಯೂಟರಿನ ಕಡೆ ತಿರುಗಿ ತಲೆಬರಹವನ್ನು ಅವಳು ಬರೆದುಕೊಟ್ಟಂತೆಯೇ ತಿದ್ದಿದ.

ಅರ್ಧ ಗಂಟೆಯಲ್ಲಿ ಕೃಷ್ಣಪ್ಪ ತನ್ನ ಕೋಣೆಯಿಂದ ಹೊರಗೆ ಬಂದ. “ಏನ್ ಮಗಾ ಇದು? ಉಂಗುರ ಅಂತ ಮೊದ್ಲೇ ಹೇಳ್ಬಿಟ್ರೆ ಯಾವನ್ ಓದ್ತಾನೆ? ಮೊದಲಿನ ಥರ ಮಾಡು.”

“ಇಲ್ಲ ಸಾರ್. ಹೇಳ್ಲೇಬೇಕು.”

“ಹೇಳ್ಲೇಬೇಕು ಅಂದ್ರೆ ರೋಡಲ್ಲಿ ನಿಂತ್ಕೊಂಡು ಹೇಳು, ಹೋಗು.”

ವಿನಾಯಕ ಬ್ಯಾಗು ಹೆಗಲಿಗೆ ಹಾಕಿಕೊಂಡು ನಿಜವಾಗಿಯೂ ಹೋದ.

ಮಾರನೆಯ ದಿನ ಶಿಫ್ಟ್ ಬಿಡುವ ಹೊತ್ತಿಗೆ ಯಂಕಪ್ಪ ಮಹಾನಂದಾಳಿಗೆ ಫೋನ್ ಮಾಡಿದ. “ಅಕ್ಕಾರ, ನಿಮ್ಮ ಆಫೀಸ್ನ್ಯಾಂವ ಒಬ್ಬಾಂವ ನಮ್ಮ ಗೇಟಿನಾಗ ನಿಂತು ಒದರಾಕತ್ತಾನ. ಬರ್ರಿ ಲಗೂನ.”

ಅವಳು ಹೋಗಿ ನೋಡಿದರೆ ಫ್ಯಾನಿನ ಕೆಳಗಿಂದ ಏಳದ ವಿನಾಯಕ ಧೂಳಿನಲ್ಲಿ ನಿಂತು ಬೆವರುತ್ತಿದ್ದ. ಯಂಕಪ್ಪನ ಕೈ ಎತ್ತಿ ಹಿಡಿದು ಉಂಗುರ ತೋರಿಸುತ್ತಿದ್ದ. “ಹಲ್ಲಿ ಅಲ್ಲ ಅಣ್ಣಾ, ಉಂಗುರ! ನಾನೇ ಸುಳ್ಳು ಥರ ಬರೆದಿದ್ದೆ.” ಕೂಗಿ ಕೂಗಿ ಗಂಟಲು ಒಡೆದಿತ್ತು. “ಏನ್ ಗುರು, ಮೆಸ್ ಕಡೆಯವ್ನಾ?” ಎಂದು ಕೆಲವರು ನಕ್ಕರು. ಕೆಲವರು ಉಂಗುರ ಮುಟ್ಟಿ ನೋಡಿ ಎಂಟನೇ ಮೈಲಿಯ ಕಡೆ ನಡೆದರು. ಅವಳಿಗೆ ಅಳು ಬಂತು. ಇಷ್ಟು ದಿನ ಜೋಪಾನ ಮಾಡಿದ ತಿರಸ್ಕಾರ ಈ ಮನುಷ್ಯನ ಮೇಲೆ ಇನ್ನು ನಿಲ್ಲುವುದಿಲ್ಲವೆಂದು ಅವಳಿಗೆ ಗೊತ್ತಾಯಿತು.

“ಇನ್ನೂ ಹೇಸಿಗೆ ಇದೆಯಾ?” ಅವಳನ್ನು ಕಂಡು ಅವನು ಕೇಳಿದ.

“ಕಡಿಮಿ ಆಗೈತಿ.”

“ಕೆಲಸ ಹೋಯ್ತು. ನಿಮ್ಮ ಮೇಲಿನ ಪ್ರೀತಿ ಹೋಗಿಲ್ಲ. ನನ್ನನ್ನ ಮದುವೆ ಆಗ್ತೀರಾ, ಮಹಾನಂದಾ?”

ಅಷ್ಟರಲ್ಲಿ ಫ್ಯಾಕ್ಟರಿಯ ಸೈರನ್ ಕೂಗಿತು. ಅವಳು ಅವನ ಕಿವಿಗೆ ಬಾಯಿಟ್ಟು ಉತ್ತರ ಹೇಳಿದಳು. ಅವನು ಪಕ್ಕದ ಕಟ್ಟೆಯ ಮೇಲೆ ಕುಸಿದು ಕೂತ. ಯಾರೋ ಪುಣ್ಯಾತ್ಮ ಮೊಬೈಲ್ ಹಿಡಿದು ವಿಡಿಯೋ ಮಾಡುತ್ತಿದ್ದುದನ್ನು ಇಬ್ಬರೂ ನೋಡಲಿಲ್ಲ.

ಮರುದಿನ ‘ದಾಸರಹಳ್ಳಿ ದನಿ’ಯಲ್ಲಿ ಅವರೇ ಸುದ್ದಿ: ‘ಗೇಟಿನಲ್ಲಿ ಯುವಕನ ಕಿವಿಗೆ ಯುವತಿ ಹೇಳಿದ ಆ ಒಂದು ಮಾತು... ಅಲ್ಲೇ ಕುಸಿದುಬಿದ್ದ!’ ಕೆಳಗೆ ಜನರ ಮಾತು: ‘ಪಾಪದ ಹುಡ್ಗ’, ‘ಇಂಥವಳಿಗೆ ಬುದ್ಧಿ ಕಲಿಸ್ಬೇಕು’.

ಊಟದ ಹೊತ್ತಿಗೆ ಅದು ಮಹಾನಂದಾಳ ಊರಾದ ಕುಷ್ಟಗಿ ತಲುಪಿತ್ತು. ಮಹಾನಂದಾ ಚನ್ನಕ್ಕನ ಮೆಸ್‌ನಲ್ಲಿ ವಿನಾಯಕನ ಎದುರು ಕೂತಿದ್ದಾಗ ತಾಯಿ ಹೊಳೆವ್ವನ ಫೋನ್ ಬಂತು.

“ಏನಂದಿ ನೀ ಆ ಹುಡುಗಗ? ಮಗ್ಗಲ ಮನಿ ಸೊಣ್ಣಮ್ಮನ ಮಗ ಫೋನಿನಾಗ ತೋರಿಸಿದ. ಬೈದಿ ಅಂತಾರ, ಶಾಪ ಹಾಕಿದಿ ಅಂತಾರ. ಓಣ್ಯಾಗ ತಲಿ ಎತ್ತದಂಗ ಆಗೈತಿ ನನಗ.”

ವಿನಾಯಕ ತುತ್ತು ಕೈಯಲ್ಲೇ ಹಿಡಿದು ಕೂತ. ಮಹಾನಂದಾ ಎಡಗೈಯಿಂದ ಅವನ ಮುಂಗೈ ಒತ್ತಿದಳು.

“ಮದುವಿ ಆಗ್ತೀನಿ ಅಂದೆ, ಯವ್ವಾ.”

ಆ ಕಡೆ ಹೊಳೆವ್ವ ಮೂಗು ಸೇದಿಕೊಂಡಳು.

“ಕರಕೊಂಡ್ ಬಾ ಅವನ್ನ, ನೋಡ್ತೀನಿ. ಅಲ್ಲಾ, ಅಷ್ಟನ್ನ ಬರಿಯಾಕ ಏನ್ ಧಾಡಿ ಆಗಿತ್ತಬೇ ಅವರಿಗೆ?”